ಯಂತ್ರ ನಡೆಯುತ್ತಿರುವಾಗ ಬಂದ ಪೆಟ್ಟಿಗೆಗೆ ಬಸ್ ನಂಬರ್ ಎಲ್ಲಿಂದ ತರುವುದು?

ಪ್ರಶ್ನೆ: ದಾವಣಗೆರೆಯಲ್ಲಿ ಮದುವೆ, ಸಮಾರಂಭಗಳ ವಿಡಿಯೋ ಸ್ಟುಡಿಯೋ ನಡೆಸುತ್ತಿದ್ದೇನೆ. ಎಡಿಟಿಂಗ್‌ಗೆ ಲಿನಕ್ಸ್ ಹಾಕಿದ ವರ್ಕ್‌ಸ್ಟೇಷನ್ ಇದೆ. ಅದರ ಹಿಂಬದಿಯಲ್ಲಿ ಹಾಟ್‌ಪ್ಲಗ್ ಸೌಲಭ್ಯವಿರುವ ಒಂದು ಪಿಸಿಐ ಎಕ್ಸ್‌ಪ್ರೆಸ್ ಪೋರ್ಟ್ ಇದೆ. ಯಂತ್ರ ನಡೆಯುತ್ತಿರುವಾಗ ಒಂದೇ ಎನ್‌ವಿಎಂಇ ಡಿಸ್ಕನ್ನು ಅದಕ್ಕೆ ಜೋಡಿಸಿದರೆ ತಕ್ಷಣ ಕಾಣುತ್ತದೆ. ನಾಲ್ಕು ಡಿಸ್ಕಿನ ಪೆಟ್ಟಿಗೆಯನ್ನು ಜೋಡಿಸಿದರೆ ಒಂದೂ ಕಾಣುವುದಿಲ್ಲ. ಅದೇ ಪೆಟ್ಟಿಗೆಯನ್ನು ಜೋಡಿಸಿಟ್ಟು ರೀಸ್ಟಾರ್ಟ್ ಮಾಡಿದರೆ ನಾಲ್ಕೂ ಕಾಣುತ್ತವೆ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಾದ ತಂತ್ರಾಂಶ, ಬರೆದಿಡುವ ದಾಖಲೆಯಲ್ಲಿ ‘ನೋ ಬಸ್ ನಂಬರ್ ಅವೈಲಬಲ್ ಫಾರ್ ಹಾಟ್-ಆ್ಯಡೆಡ್ ಬ್ರಿಡ್ಜ್’ ಎಂಬ ಸಾಲು ಇದೆ. ಮಾರಿದವರು ಕೇಬಲ್ ಬದಲಿಸಿ ಎಂದರು. ಎರಡು ಸಲ ಬದಲಿಸಿದ್ದೇನೆ. ರಾತ್ರಿಯಿಡೀ ನಡೆಯುವ ರೆಂಡರ್ ಮಧ್ಯೆ ಹುಡುಗರು ಹರಿಹರದಿಂದ ಮದುವೆ ಮುಗಿಸಿ ಪೆಟ್ಟಿಗೆ ತಂದರೆ ಬೆಳಗಿನವರೆಗೆ ಕಾಯಬೇಕಾಗಿದೆ. ಮುಂದಿನ ವರ್ಷ ಈ ಪೆಟ್ಟಿಗೆಯ ಹಿಂದೆಯೇ ಇನ್ನೊಂದನ್ನು ಸೇರಿಸುವ ಆಲೋಚನೆಯೂ ಇದೆ. ದಾರಿ ತಿಳಿಸಿ.

ಉತ್ತರ: ಮೊದಲಿಗೆ, ಕೇಬಲ್ಲಿಗೆ ಇನ್ನೊಂದು ರೂಪಾಯಿ ಖರ್ಚು ಮಾಡಬೇಡಿ. ಕೇಬಲ್ ಸರಿಯಿದೆ, ಪೆಟ್ಟಿಗೆ ಸರಿಯಿದೆ, ಡಿಸ್ಕುಗಳೂ ಸರಿಯಿವೆ. ಕೇಬಲ್ ಕೆಟ್ಟಿದ್ದರೆ ಪೋರ್ಟಿಗೆ ಏನೋ ಬಂದಿದೆ ಎಂಬುದೇ ಕರ್ನಲ್ಲಿಗೆ ತಿಳಿಯುತ್ತಿರಲಿಲ್ಲ. ನೀವು ಕಳುಹಿಸಿದ ಸಾಲು ಹೇಳುವುದು ಬೇರೆ ಸಂಗತಿ. ಪೆಟ್ಟಿಗೆ ಬಂದಿತು, ಅದರೊಳಗೆ ಒಂದು ಬ್ರಿಡ್ಜ್, ಅಂದರೆ ಒಂದು ಬಸ್ಸನ್ನು (ಸಾಧನಗಳು ಮಾತಾಡಿಕೊಳ್ಳುವ ಹಾದಿಯನ್ನು) ಇನ್ನೊಂದಕ್ಕೆ ಕೂಡಿಸುವ ಸೇತುವೆ, ಇರುವುದು ಕಂಡಿತು, ಆ ಬ್ರಿಡ್ಜಿನ ಕೆಳಗಿನ ಬಸ್ಸಿಗೆ ಕೊಡಲು ಸಂಖ್ಯೆ ಇರಲಿಲ್ಲ. ಇಡೀ ಯಂತ್ರಕ್ಕೆ 256 ಸಂಖ್ಯೆಗಳಿವೆ, ನಿಮ್ಮಲ್ಲಿ ಹೆಚ್ಚೆಂದರೆ ಇಪ್ಪತ್ತು ಮೂವತ್ತು ಬಳಕೆಯಲ್ಲಿರಬಹುದು. ಹಾಗಿದ್ದೂ ಸಂಖ್ಯೆ ಇಲ್ಲ ಎನ್ನುವುದು ಹೇಗೆ? ನಿಮ್ಮ ಪ್ರಶ್ನೆಯ ತಿರುಳು ಇದೇ. ಇದು ತಿಳಿದರೆ ಪರಿಹಾರವನ್ನು ನೀವೇ ಆರಿಸಿಕೊಳ್ಳಬಲ್ಲಿರಿ, ಅದಕ್ಕಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕಾರ್ಡು, ಡಿಸ್ಕುಗಳನ್ನು ಯಂತ್ರಕ್ಕೆ ಜೋಡಿಸುವ ಪಿಸಿಐ ವ್ಯವಸ್ಥೆಯ ಮೊದಲ ರೂಪವನ್ನು ಇಂಟೆಲ್ 1992ರಲ್ಲಿ ಹೊರತಂದಿತು. ಆಗ ಬಸ್ ಎಂದರೆ ಮದರ್‌ಬೋರ್ಡಿನ ಮೇಲೆ ಎಳೆದ ತಾಮ್ರದ ಗೆರೆಗಳು, ಆ ಗೆರೆಗಳನ್ನು ಹಂಚಿಕೊಂಡ ನಾಲ್ಕೈದು ಕಾರ್ಡುಗಳು. ಪ್ರತಿ ಸಾಧನಕ್ಕೂ 16 ಬಿಟ್‌ಗಳ ಗುರುತು ಕೊಟ್ಟರು: ಬಸ್ಸಿಗೆ 8 ಬಿಟ್, ಸಾಧನಕ್ಕೆ 5, ಸಾಧನದೊಳಗಿನ ಒಂದೊಂದು ಕಾರ್ಯಕ್ಕೆ 3. ಹೀಗೆ 256 ಬಸ್ಸುಗಳು, ಬಸ್ಸಿಗೆ 32 ಸಾಧನಗಳು, ಸಾಧನಕ್ಕೆ 8 ಕಾರ್ಯಗಳು. ಅಂದಿನ ಯಂತ್ರಗಳಲ್ಲಿ ಬಸ್ಸುಗಳು ಎರಡೋ ಮೂರೋ ಇರುತ್ತಿದ್ದವು, ಆದ್ದರಿಂದ ಯಾರಿಗೂ ಕೊರತೆ ಕಾಣಲಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಬಂದಾಗ ಹಂಚಿಕೊಳ್ಳುವ ಗೆರೆಗಳು ಹೋದವು. ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು, ನಡುವೆ ಒಂದು ಲಿಂಕ್. ಆದರೆ ಹಳೆಯ ತಂತ್ರಾಂಶ ಮುರಿಯಬಾರದೆಂದು ಒಂದೊಂದು ಲಿಂಕನ್ನೂ ಒಂದೊಂದು ಬಸ್ ಎಂದೇ ಲೆಕ್ಕಕ್ಕೆ ಹಿಡಿದರು. 32 ಜನರಿಗೆ ಹಾಸಿದ ಪಂಕ್ತಿಯಲ್ಲಿ ಒಬ್ಬರೇ ಕುಳಿತು ಉಣ್ಣುವಂತೆ, ಒಂದು ಬಸ್ ನಂಬರ್ ಒಂದೇ ಸಾಧನಕ್ಕೆ ಖರ್ಚಾಗತೊಡಗಿತು.

ನಿಮ್ಮ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಡಿಸ್ಕುಗಳ ಜೊತೆಗೆ ಒಂದು ಸಣ್ಣ ಚಿಪ್ ಕಾಣುತ್ತದೆ, ಅದು ಪಿಸಿಐ ಎಕ್ಸ್‌ಪ್ರೆಸ್ ಸ್ವಿಚ್. ಕರ್ನಲ್ಲಿನ ಕಣ್ಣಿಗೆ ಈ ಒಂದು ಚಿಪ್ ಐದು ಬ್ರಿಡ್ಜುಗಳಾಗಿ ಕಾಣುತ್ತದೆ: ಯಂತ್ರದ ಕಡೆಗೆ ಮುಖ ಮಾಡಿದ್ದು ಒಂದು, ಡಿಸ್ಕುಗಳ ಕಡೆಗೆ ಮುಖ ಮಾಡಿದವು ನಾಲ್ಕು. ಇನ್ನು ಬಸ್ಸುಗಳನ್ನು ಎಣಿಸಿ. ಯಂತ್ರದ ಪೋರ್ಟಿನಿಂದ ಪೆಟ್ಟಿಗೆಯವರೆಗಿನ ಲಿಂಕ್ ಒಂದು ಬಸ್. ಸ್ವಿಚ್ಚಿನ ಒಳಗೆ ಐದು ಬ್ರಿಡ್ಜುಗಳನ್ನು ಕೂಡಿಸುವ ಕಾಲ್ಪನಿಕ ಬಸ್ ಒಂದು. ಸ್ವಿಚ್ಚಿನಿಂದ ನಾಲ್ಕು ಡಿಸ್ಕುಗಳಿಗೆ ಹೋಗುವ ಲಿಂಕ್‌ಗಳು ನಾಲ್ಕು. ಒಟ್ಟು ಆರು. ಒಂಟಿ ಡಿಸ್ಕಿಗೆ ಬೇಕಾದದ್ದು ಮೊದಲನೆಯದು ಮಾತ್ರ. ನಿಮ್ಮ ಒಂಟಿ ಡಿಸ್ಕ್ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿಗೇ ಸಿಕ್ಕಿತು.

ಆರು ಬೇಕು, ನೂರಾರು ಖಾಲಿ ಇವೆ, ಕೊಟ್ಟರಾಯಿತಲ್ಲ ಎನ್ನಿಸಬಹುದು. ಕೊಡಲಾಗದಿರುವುದಕ್ಕೆ ಕಾರಣ ಬ್ರಿಡ್ಜ್ ಕೆಲಸ ಮಾಡುವ ಬಗೆಯಲ್ಲಿದೆ.

ಪ್ರತಿ ಬ್ರಿಡ್ಜಿನ ರಿಜಿಸ್ಟರುಗಳಲ್ಲಿ, ಅಂದರೆ ಚಿಪ್ಪಿನೊಳಗೆ ಸಂಖ್ಯೆ ಬರೆದಿಡುವ ಪುಟ್ಟ ಮನೆಗಳಲ್ಲಿ, ಸೊನ್ನೆಯಿಂದ ಎಣಿಸಿದರೆ 24, 25, 26ನೇ ಬೈಟ್‌ಗಳಲ್ಲಿ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಪ್ರೈಮರಿ, ಅಂದರೆ ತನ್ನ ಮೇಲಿನ ಬಸ್. ಎರಡನೆಯದು ಸೆಕೆಂಡರಿ, ತನಗೆ ನೇರವಾಗಿ ಕೆಳಗಿರುವ ಬಸ್. ಮೂರನೆಯದು ಸಬಾರ್ಡಿನೇಟ್, ತನ್ನ ಕೆಳಗೆ ಎಷ್ಟೇ ಆಳದಲ್ಲಿರಲಿ ಅತಿ ದೊಡ್ಡ ಸಂಖ್ಯೆಯ ಬಸ್. ಮೇಲಿನಿಂದ ‘7ನೇ ಬಸ್ಸಿನ ಸಾಧನದ ವಿವರ ಓದು’ ಎಂಬ ಆದೇಶ ಬಂದಾಗ ಬ್ರಿಡ್ಜ್ ಮಾಡುವುದು ಎರಡೇ ಹೋಲಿಕೆ. 7 ನನ್ನ ಸೆಕೆಂಡರಿಯೇ? ಹೌದಾದರೆ ಆದೇಶವನ್ನು ನೇರವಾಗಿ ಆ ಬಸ್ಸಿನ ಮೇಲೆ ಇಳಿಸುತ್ತದೆ. ಅಲ್ಲವಾದರೆ, 7 ನನ್ನ ಸೆಕೆಂಡರಿಗೂ ಸಬಾರ್ಡಿನೇಟ್‌ಗೂ ನಡುವೆ ಬರುತ್ತದೆಯೇ? ಬಂದರೆ ಹಾಗೆಯೇ ಕೆಳಕ್ಕೆ ದಾಟಿಸುತ್ತದೆ. ಎರಡೂ ಇಲ್ಲವಾದರೆ ಆ ಆದೇಶಕ್ಕೂ ತನಗೂ ಸಂಬಂಧವಿಲ್ಲ. ಬ್ರಿಡ್ಜಿನಲ್ಲಿ ಪಟ್ಟಿ ಇಲ್ಲ, ಹುಡುಕಾಟ ಇಲ್ಲ, ಕೇವಲ ಒಂದು ಆರಂಭ ಮತ್ತು ಒಂದು ಅಂತ್ಯ. ಆದ್ದರಿಂದ ಒಂದು ಬ್ರಿಡ್ಜಿನ ಕೆಳಗಿರುವ ಎಲ್ಲ ಬಸ್ಸುಗಳ ಸಂಖ್ಯೆಗಳೂ ಒಂದರ ಪಕ್ಕ ಒಂದು, ಅದರ ಮೇಲಿನ ಬ್ರಿಡ್ಜಿನ ವ್ಯಾಪ್ತಿಯ ಒಳಗೇ ಇರಬೇಕು. 200ನೇ ಸಂಖ್ಯೆ ಖಾಲಿ ಇದ್ದರೂ 3ರಿಂದ 3ರವರೆಗೆ ಮಾತ್ರ ವ್ಯಾಪ್ತಿ ಇರುವ ಪೋರ್ಟಿನ ಕೆಳಗೆ ಅದನ್ನು ತಂದಿಡಲು ದಾರಿಯಿಲ್ಲ.

ನಮ್ಮ ಕಡೆಯ ಎರಡು ಸಂಖ್ಯಾಪದ್ಧತಿಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಇದರ ಬಿಗಿತ ಅರ್ಥವಾಗುತ್ತದೆ. ಸರ್ವೆ ನಂಬರ್ 45ರ ಹೊಲದಲ್ಲಿ ಅಣ್ಣತಮ್ಮಂದಿರು ಪಾಲಾದರೆ ಪೋಡಿ ಮಾಡಿಸಿ 45/1, 45/2 ಎಂದು ಹಿಸ್ಸಾ ನಂಬರ್ ಪಡೆಯುತ್ತಾರೆ. ಪಕ್ಕದ 46ರವರ ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ವಾಹನಗಳಲ್ಲಿ ಚಿತ್ರದುರ್ಗಕ್ಕೆ ಕೆಎ 16, ದಾವಣಗೆರೆಗೆ ಕೆಎ 17. ಇವೆರಡರ ನಡುವೆ ಹೊಸ ಸಾರಿಗೆ ಕಚೇರಿ ತೆರೆದರೂ ತೊಂದರೆಯಿಲ್ಲ, ಖಾಲಿ ಇರುವ ಯಾವುದೋ ದೂರದ ಸಂಖ್ಯೆಯನ್ನು ಕೊಡಬಹುದು, ಏಕೆಂದರೆ ವಾಹನದ ಸಂಖ್ಯೆ ನೋಡಿ ದಾರಿ ಬಿಡುವ ಬಾಗಿಲುಗಳು ರಸ್ತೆಯಲ್ಲಿಲ್ಲ. ಪಿಸಿಐಯಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಸಂಖ್ಯೆಯನ್ನು ಒಡೆದು 3/1 ಮಾಡಲು ಬರುವುದಿಲ್ಲ, ದೂರದ ಸಂಖ್ಯೆಯನ್ನೂ ತರಲಾಗದು. ಉಳಿಯುವುದು ಒಂದೇ ದಾರಿ: ಯಾರು ಬರುತ್ತಾರೆಂದು ತಿಳಿಯುವ ಮೊದಲೇ ಅಲ್ಲಿ ಖಾಲಿ ಸಂಖ್ಯೆಗಳನ್ನು ಬಿಟ್ಟಿರಬೇಕು.

ಈ ಬಿಡುವ ಕೆಲಸ ಯಂತ್ರ ಎದ್ದೇಳುವ ಹೊತ್ತಿನಲ್ಲಿ ನಡೆಯುತ್ತದೆ. ನಿಮ್ಮಂಥ ಯಂತ್ರಗಳಲ್ಲಿ ಇದನ್ನು ಮೊದಲು ಮಾಡುವುದು ಫರ್ಮ್‌ವೇರ್, ಜನ ಈಗಲೂ ಬಯಾಸ್ ಎಂದು ಕರೆಯುವುದು. ಅದು ಸೊನ್ನೆಯ ಬಸ್ಸಿನಿಂದ ಹೊರಡುತ್ತದೆ. ಮೊದಲ ಬ್ರಿಡ್ಜ್ ಸಿಕ್ಕಿದೊಡನೆ ಅದರ ಸೆಕೆಂಡರಿಗೆ 1 ಎಂದು ಬರೆದು, ಕೆಳಗೆ ಎಷ್ಟಿವೆಯೋ ಗೊತ್ತಿಲ್ಲದ್ದರಿಂದ ಸಬಾರ್ಡಿನೇಟ್‌ಗೆ ತಾತ್ಕಾಲಿಕವಾಗಿ 255 ಎಂದು ಬರೆಯುತ್ತದೆ. ಆ ಬ್ರಿಡ್ಜಿನ ಕೆಳಗೆ ಇಳಿದು ಕೊನೆಯವರೆಗೆ ಎಣಿಸಿ, ಹಿಂದಿರುಗಿ ಬಂದು 255ನ್ನು ಅಳಿಸಿ ನಿಜವಾದ ಕೊನೆಯ ಸಂಖ್ಯೆಯನ್ನು ಬರೆಯುತ್ತದೆ. ನಂತರ ಪಕ್ಕದ ಬ್ರಿಡ್ಜ್. ಒಂದು ಕೊಂಬೆಯ ತುದಿ ಮುಟ್ಟಿಯೇ ಮುಂದಿನ ಕೊಂಬೆಗೆ ಹೋಗುವ ಎಣಿಕೆ ಇದು.

ಪೆಟ್ಟಿಗೆ ಜೋಡಿಸಿಟ್ಟು ಬೂಟ್ ಮಾಡಿದ ದಿನ ಈ ಎಣಿಕೆ ನಿಮ್ಮ ಪೋರ್ಟಿನ ಕೆಳಗೆ ಇಳಿದಾಗ ಆರು ಬಸ್ಸುಗಳು ಕಣ್ಣೆದುರಿಗಿವೆ. ಪೋರ್ಟಿಗೆ 3ರಿಂದ 8 ಎಂಬ ವ್ಯಾಪ್ತಿ ಸಿಗುತ್ತದೆ, ಪಕ್ಕದ ನೆಟ್‌ವರ್ಕ್ ಕಾರ್ಡಿಗೆ 9. ಪೆಟ್ಟಿಗೆ ಇಲ್ಲದೆ ಬೂಟ್ ಮಾಡಿದ ದಿನ ಪೋರ್ಟಿನ ಕೆಳಗೆ ಏನೂ ಇಲ್ಲ. ಪೋರ್ಟಿಗೆ 3ರಿಂದ 3, ನೆಟ್‌ವರ್ಕ್ ಕಾರ್ಡಿಗೆ 4. ಸಂಖ್ಯೆಗಳನ್ನು ನಾನು ಉದಾಹರಣೆಗೆ ಹಿಡಿದಿದ್ದೇನೆ, ನಿಮ್ಮಲ್ಲಿ ಬೇರೆ ಇರಬಹುದು, ಆದರೆ ನಡೆಯುವುದು ಇದೇ.

ರಾತ್ರಿ ಹನ್ನೊಂದಕ್ಕೆ ಹುಡುಗರು ಬಂದು ಕೇಬಲ್ ಜೋಡಿಸಿದ ಕ್ಷಣವನ್ನು ಈಗ ಹತ್ತಿರದಿಂದ ನೋಡೋಣ. ಲಿಂಕ್ ಎದ್ದಿತು ಎಂಬ ಸೂಚನೆ ಪೋರ್ಟಿನಿಂದ ಕರ್ನಲ್ಲಿಗೆ ಹೋಗುತ್ತದೆ. ಕರ್ನಲ್ 3ನೇ ಬಸ್ಸಿನ ಮೇಲೆ ಯಾರಿದ್ದಾರೆ ಎಂದು ಕೇಳುತ್ತದೆ. ‘ನಾನು ಬ್ರಿಡ್ಜ್’ ಎಂದು ಸ್ವಿಚ್ಚಿನ ಮೇಲ್ಮುಖ ಉತ್ತರಿಸುತ್ತದೆ. ಬ್ರಿಡ್ಜ್ ಎಂದ ಮೇಲೆ ಅದರ ಕೆಳಗೆ ಒಂದು ಬಸ್ ಇರಲೇಬೇಕು. ಕರ್ನಲ್ಲಿನ ಒಂದು ಚಿಕ್ಕ ಕಾರ್ಯ ಈಗ 3ನೇ ಬಸ್ಸಿನ ವ್ಯಾಪ್ತಿಯ ಆರಂಭದಿಂದ ಅಂತ್ಯದವರೆಗೆ ಒಂದೊಂದೇ ಸಂಖ್ಯೆ ಹಿಡಿದು, ಈ ಸಂಖ್ಯೆಯ ಬಸ್ ಆಗಲೇ ಇದೆಯೇ ಎಂದು ಕೇಳುತ್ತ ಹೋಗುತ್ತದೆ. ನಿಮ್ಮಲ್ಲಿ ಆರಂಭವೂ 3, ಅಂತ್ಯವೂ 3. 3 ಇದೆ. ಮುಂದೆ ನೋಡಲು ಏನೂ ಇಲ್ಲ. ಆಗ ಬರೆಯುವುದೇ ನೀವು ಕಂಡ ಸಾಲು. ಸ್ವಿಚ್ಚಿನ ಕೆಳಮುಖಗಳನ್ನು, ಅವುಗಳ ಆಚೆಯ ಡಿಸ್ಕುಗಳನ್ನು ಕರ್ನಲ್ ಕೇಳುವುದೇ ಇಲ್ಲ, ಅವು ವಿದ್ಯುತ್ ಪಡೆದು, ದೀಪ ಹೊತ್ತಿಸಿಕೊಂಡು, ತಯಾರಾಗಿ ಕುಳಿತಿದ್ದರೂ. ದೀಪ ಹೊತ್ತಿದ ಡಿಸ್ಕ್ ಕಾಣದಿದ್ದರೆ ಯಾರೇ ಆದರೂ ಕೇಬಲ್ಲನ್ನೇ ಅನುಮಾನಿಸುತ್ತಾರೆ.

ಕೆಲವರು ನಿಮಗೆ ಬಸ್ಸನ್ನು ಪುನಃ ಸ್ಕ್ಯಾನ್ ಮಾಡಿ ಎನ್ನುವ ಸಲಹೆ ಕೊಟ್ಟಿರಬಹುದು. ಸ್ಕ್ಯಾನ್ ಮಾಡಿದರೂ ಕರ್ನಲ್ ಹುಡುಕುವುದು ಅದೇ 3ರಿಂದ 3ರ ಒಳಗೆ. ಈ ಸಲ ದಾಖಲೆಯ ಸಾಲಿನ ಮಾತು ಬದಲಾಗಬಹುದು. ಫಲ ಒಂದೇ.

ನೆಟ್‌ವರ್ಕ್ ಕಾರ್ಡನ್ನು 4ರಿಂದ 9ಕ್ಕೆ ಸರಿಸಿ ನಡುವೆ ಜಾಗ ಮಾಡಿಕೊಳ್ಳಬಾರದೇ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ನನಗೆ ಪ್ರತಿ ಸಲವೂ ಕೇಳುತ್ತಾರೆ, ಅದು ಒಳ್ಳೆಯ ಪ್ರಶ್ನೆ. ಬಸ್ ನಂಬರ್ ಕೇವಲ ಕರ್ನಲ್ಲಿನ ಪುಸ್ತಕದಲ್ಲಿ ಬರೆದ ಹೆಸರಾಗಿದ್ದರೆ ಸರಿಸಬಹುದಿತ್ತು. ಆದರೆ ಅದು ಸಾಧನದ ಸಹಿಯೂ ಹೌದು. ಕಾರ್ಡ್ ಮೆಮೊರಿಯಿಂದ ಏನನ್ನಾದರೂ ಓದಲು ಕೇಳಿದಾಗ ಆ ಕೋರಿಕೆಯ ಮೇಲೆ ತನ್ನ 16 ಬಿಟ್‌ಗಳ ಗುರುತನ್ನು ಒತ್ತಿ ಕಳುಹಿಸುತ್ತದೆ. ಉತ್ತರ ಹಿಂದಿರುಗುವಾಗ ದಾರಿಯ ಬ್ರಿಡ್ಜುಗಳು ಆ ಗುರುತಿನ ಬಸ್ ನಂಬರ್ ನೋಡಿಯೇ ದಾಟಿಸುತ್ತವೆ. ಕೋರಿಕೆ ಹೋದಾಗ 4, ಉತ್ತರ ಬರುವಷ್ಟರಲ್ಲಿ 9 ಎಂದಾದರೆ ಆ ಉತ್ತರ ಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಇದಲ್ಲದೆ, ಯಾವ ಸಾಧನ ಮೆಮೊರಿಯ ಯಾವ ಭಾಗವನ್ನು ಮುಟ್ಟಬಹುದು ಎಂದು ಕಾಯುವ ಐಒಎಂಎಂಯು ಎಂಬ ಘಟಕವಿದೆ. ಅದರ ಕೋಷ್ಟಕಗಳನ್ನು ತೆರೆಯುವ ಬೀಗದ ಕೈ ಇದೇ ಗುರುತು. ಇಂಟೆಲ್ ಯಂತ್ರಗಳಲ್ಲಿ ಅದರ ಮೊದಲ ಕೋಷ್ಟಕಕ್ಕೆ ಸರಿಯಾಗಿ 256 ಮನೆಗಳು, ಬಸ್ಸಿಗೊಂದರಂತೆ. ಗುರುತು ಬದಲಾದರೆ ಕಾರ್ಡಿನ ಪ್ರತಿ ಓದೂ ಬರಹವೂ ಅತಿಕ್ರಮ ಪ್ರವೇಶವೆಂದು ತಡೆಯಲ್ಪಡುತ್ತದೆ. ನಡೆಯುತ್ತಿರುವ ಕಾರ್ಡನ್ನು ಸರಿಸಬೇಕಾದರೆ ಅದರ ಡ್ರೈವರ್ ನಿಲ್ಲಿಸಿ, ಹಾದಿಯಲ್ಲಿರುವ ಕೋರಿಕೆಗಳೆಲ್ಲ ಮುಗಿಯುವವರೆಗೆ ಕಾದು, ಸಂಖ್ಯೆ ಬದಲಿಸಿ, ಎಲ್ಲವನ್ನೂ ಮರಳಿ ಕಟ್ಟಬೇಕು. ನಿಮ್ಮ ರೆಂಡರ್ ಬರೆಯುತ್ತಿರುವ ಡಿಸ್ಕ್ ಆ ಸರದಿಯಲ್ಲಿದ್ದರೆ ಏನಾಗುತ್ತದೆಂದು ಊಹಿಸಿ. ಕರ್ನಲ್ ಬರೆದವರು ಈ ಸಾಹಸಕ್ಕೆ ಕೈ ಹಾಕದೆ ‘ಸಂಖ್ಯೆ ಇಲ್ಲ’ ಎಂದು ನೇರವಾಗಿ ಹೇಳುವುದನ್ನು ಆರಿಸಿಕೊಂಡರು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಇನ್ನು ನೀವು ಮಾಡಬೇಕಾದ್ದು. ಪೆಟ್ಟಿಗೆ ಇಲ್ಲದೆ ಬೂಟ್ ಮಾಡಿ, ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆದೇಶವನ್ನು ವಿವರ ಹೆಚ್ಚಿಸುವ ಆಯ್ಕೆಯೊಡನೆ ಅಡ್ಮಿನ್ ಅಧಿಕಾರದಲ್ಲಿ ನಡೆಸಿ. ನಿಮ್ಮ ಪೋರ್ಟಿನ ವಿವರದಲ್ಲಿ ‘ಬಸ್’ ಎಂದು ಆರಂಭವಾಗುವ ಸಾಲಿನಲ್ಲಿ ಪ್ರೈಮರಿ, ಸೆಕೆಂಡರಿ, ಸಬಾರ್ಡಿನೇಟ್ ಮೂರೂ ಇರುತ್ತವೆ. ಅವು ಹದಿನಾರರ ಎಣಿಕೆಯಲ್ಲಿರುತ್ತವೆ ಎಂಬುದನ್ನು ಮರೆಯಬೇಡಿ, ಅಲ್ಲಿ 10 ಎಂದರೆ ನಮ್ಮ 16. ಸೆಕೆಂಡರಿಯೂ ಸಬಾರ್ಡಿನೇಟೂ ಒಂದೇ ಆಗಿದ್ದರೆ ನಾನು ಹೇಳಿದ ಕಥೆಯೇ ನಿಮ್ಮದು.

ಮೊದಲ ಮದ್ದು ಫರ್ಮ್‌ವೇರ್ ಮೆನುವಿನಲ್ಲಿ ಹುಡುಕಿ. ಕೆಲವು ಯಂತ್ರಗಳಲ್ಲಿ ‘ಪಿಸಿಐ ಬಸಸ್ ಪ್ಯಾಡಿಂಗ್’ ಎಂದೂ, ಕೆಲವದರಲ್ಲಿ ‘ಎಕ್ಸ್‌ಟ್ರಾ ಬಸ್ ರಿಸರ್ವ್ಡ್’ ಎಂದೂ ಹಾಟ್‌ಪ್ಲಗ್ ಪೋರ್ಟುಗಳ ಕೆಳಗೆ ಇದು ಸಿಗುತ್ತದೆ. ಅಲ್ಲಿ ಕೇಳುವುದು ಹೆಚ್ಚುವರಿ ಎಷ್ಟು ಬೇಕು ಎಂದು. ಪೋರ್ಟಿಗೆ ಒಂದು ಹೇಗೂ ಇದೆ, ನಿಮಗೆ ಇನ್ನೂ 5 ಬೇಕು. ಈ ದಾರಿ ಎಲ್ಲಕ್ಕಿಂತ ಶುದ್ಧವಾದದ್ದು. ಫರ್ಮ್‌ವೇರ್ ಆರಂಭದಲ್ಲೇ ಜಾಗ ಬಿಟ್ಟು ಎಣಿಸುತ್ತದೆ, ಕರ್ನಲ್ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ.

ಮೆನುವಿನಲ್ಲಿ ಅಂಥದ್ದು ಇಲ್ಲದಿದ್ದರೆ, ಅಥವಾ ಬೇಕಾದಷ್ಟು ಕೊಡದಿದ್ದರೆ ಮಾತ್ರ ಕರ್ನಲ್ಲಿನ ಬೂಟ್ ಸಾಲಿಗೆ ಬನ್ನಿ. ಅಲ್ಲಿ ‘ಪಿಸಿಐ’ ಎಂಬ ಆಯ್ಕೆಯ ಒಳಗೆ ‘ಎಚ್‌ಪಿಬಸ್‌ಸೈಜ್’ ಎಂಬ ಒಳ ಆಯ್ಕೆ ಇದೆ. ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ನಡುವೆ ಖಾಲಿ ಬಿಡದೆ ಬರೆಯಬೇಕು. ಪ್ರತಿ ಹಾಟ್‌ಪ್ಲಗ್ ಬ್ರಿಡ್ಜಿನ ಕೆಳಗೆ ಕನಿಷ್ಠ ಎಷ್ಟು ಬಸ್ ನಂಬರ್ ಕಾದಿರಿಸಬೇಕು ಎಂದು ಇದು ಹೇಳುತ್ತದೆ. ಏನೂ ಹೇಳದಿದ್ದರೆ ಅದರ ಬೆಲೆ 1. ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಎಚ್‌ಪಿಬಸ್‌ಸೈಜ್ ಒಂದನ್ನೇ ಬರೆದು, ಬೂಟ್ ಮಾಡಿ, ಏನೂ ಬದಲಾಗಲಿಲ್ಲ ಎಂದು ಕೈಬಿಡುತ್ತಾರೆ. ಬದಲಾಗದಿರಲು ಕಾರಣ ಸರಳ. ಫರ್ಮ್‌ವೇರ್ ಆಗಲೇ 3ರಿಂದ 3 ಎಂದು ಬರೆದಿಟ್ಟಿದೆ, ಅದು ನಿಯಮಬದ್ಧವಾಗಿಯೂ ಇದೆ. ನಿಯಮಬದ್ಧವಾಗಿರುವ ಎಣಿಕೆಯನ್ನು ಕರ್ನಲ್ ಮುಟ್ಟುವುದಿಲ್ಲ. ತಾನೇ ಹೊಸದಾಗಿ ಎಣಿಸುವ ಬ್ರಿಡ್ಜುಗಳಿಗೆ ಮಾತ್ರ ಈ ಆಯ್ಕೆ ಅನ್ವಯಿಸುತ್ತದೆ. ಆದ್ದರಿಂದ ಅದರ ಜೊತೆಗೆ ‘ಅಸೈನ್-ಬಸಸ್’ (assign-busses) ಎಂಬ ಇನ್ನೊಂದು ಆಯ್ಕೆಯನ್ನೂ ಅಲ್ಪವಿರಾಮ ಹಾಕಿ ಬರೆಯಬೇಕಾಗುತ್ತದೆ. ಫರ್ಮ್‌ವೇರ್ ಕೊಟ್ಟದ್ದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ನೀನೇ ಎಣಿಸು ಎಂದು ಅದು ಕರ್ನಲ್ಲಿಗೆ ಹೇಳುತ್ತದೆ.

ಹೊಸದಾಗಿ ಎಣಿಸಿದರೆ ಎಲ್ಲರ ಸಂಖ್ಯೆಯೂ ಬದಲಾಗಬಹುದು ಎಂಬುದನ್ನು ನಾನು ಅನುಭವದಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಒಂದು ಕಾಲೇಜಿನ ಪ್ರಯೋಗಾಲಯದ ಸರ್ವರನ್ನು ನಾನು ಚಿತ್ರದುರ್ಗದ ನನ್ನ ಮನೆಯಿಂದಲೇ ನೋಡಿಕೊಳ್ಳುತ್ತಿದ್ದೆ. ಸಂಜೆ ಈ ಎರಡೂ ಆಯ್ಕೆಗಳನ್ನು ಬರೆದು ರೀಸ್ಟಾರ್ಟ್ ಕೊಟ್ಟೆ. ಸರ್ವರ್ ಮತ್ತೆ ನೆಟ್‌ವರ್ಕ್‌ಗೆ ಬರಲಿಲ್ಲ. ಬೆಳಗಿನ ಮೊದಲ ಬಸ್ ಹಿಡಿದು ಹೋಗಿ ಮಾನಿಟರ್ ಜೋಡಿಸಿ ನೋಡಿದರೆ ಯಂತ್ರ ಸೊಗಸಾಗಿ ನಡೆಯುತ್ತಿತ್ತು. ನೆಟ್‌ವರ್ಕ್ ಕಾರ್ಡಿನ ಹೆಸರು ಮಾತ್ರ ‘ಇಎನ್‌ಪಿ4ಎಸ್0’ ಇದ್ದದ್ದು ‘ಇಎನ್‌ಪಿ20ಎಸ್0’ ಆಗಿತ್ತು. ಆ ಹೆಸರಿನಲ್ಲಿ ಪಿ ಅಕ್ಷರದ ಮುಂದಿರುವುದು ಬಸ್ ನಂಬರೇ. ಐಪಿ ವಿಳಾಸದ ವ್ಯವಸ್ಥೆಯೆಲ್ಲ ಹಳೆಯ ಹೆಸರಿಗೆ ಬರೆದಿತ್ತು, ಹೊಸ ಹೆಸರಿಗೆ ಏನೂ ಇರಲಿಲ್ಲ. ನೀವು ಇದನ್ನು ಮಾಡುವುದಾದರೆ ಯಂತ್ರದ ಮುಂದೆ ಕುಳಿತೇ ಮಾಡಿ. ನೆಟ್‌ವರ್ಕ್ ವ್ಯವಸ್ಥೆಯನ್ನು ಕಾರ್ಡಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಬಸ್ ಬದಲಾದರೂ ಬದಲಾಗದ ಕಾರ್ಡಿನ ಸ್ವಂತ ಗುರುತಿಗೆ, ಕಟ್ಟಿಡಿ. ಬಸ್ ನಂಬರ್ ಬರೆದ ಇತರ ಕಡತಗಳಿದ್ದರೆ, ಉದಾಹರಣೆಗೆ ವರ್ಚುವಲ್ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಒಪ್ಪಿಸಿದ ವಿವರ, ಅವನ್ನೂ ಮೊದಲೇ ಗುರುತಿಸಿಕೊಳ್ಳಿ.

ಎಚ್‌ಪಿಬಸ್‌ಸೈಜ್‌ಗೆ ಎಷ್ಟು ಕೊಡಬೇಕು ಎಂಬುದರಲ್ಲಿ ಅತಿಯಾಸೆ ಬೇಡ. 51 ಎಂದು ಬರೆಯುವ ಒಂದು ಸಿದ್ಧ ಸಾಲು ಥಂಡರ್‌ಬೋಲ್ಟ್ (ಹೊರಗಿನ ಸಾಧನ ಜೋಡಿಸುವ ಒಂದು ಬಗೆಯ ಪೋರ್ಟ್) ಬಳಸುವವರ ನಡುವೆ ಕೈಯಿಂದ ಕೈಗೆ ಹೋಗುತ್ತಿದೆ. ಒಂದೆರಡು ಹಾಟ್‌ಪ್ಲಗ್ ಪೋರ್ಟ್ ಇರುವ ಲ್ಯಾಪ್‌ಟಾಪಿಗೆ ಅದು ಹೊಂದುತ್ತದೆ. ಆದರೆ ಈ ಆಯ್ಕೆ ಪ್ರತಿ ಹಾಟ್‌ಪ್ಲಗ್ ಬ್ರಿಡ್ಜಿಗೂ ಅಷ್ಟಷ್ಟು ಕೊಡಲು ಹೊರಡುತ್ತದೆ. ಐದು ಹಾಟ್‌ಪ್ಲಗ್ ಪೋರ್ಟ್ ಇದ್ದರೆ ಐದು ಐವತ್ತೊಂದು 255, ಸೊನ್ನೆಯ ಬಸ್ ಸೇರಿ 256, ಅಲ್ಲಿಗೆ ಇಡೀ ಖಜಾನೆ ಖಾಲಿ. ಆಮೇಲೆ ಸಂಖ್ಯೆ ಸಿಗದೆ ಹೋಗುವುದು ಗ್ರಾಫಿಕ್ಸ್ ಕಾರ್ಡಿಗೋ ಬೂಟ್ ಡಿಸ್ಕಿಗೋ ಆಗಿರಬಹುದು. 256 ಎಂಬ ಖಜಾನೆಯೂ ಎಲ್ಲ ಯಂತ್ರಗಳಲ್ಲಿ ಪೂರ್ತಿ ಕೈಗೆ ಸಿಗುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳ ರಿಜಿಸ್ಟರುಗಳನ್ನು ಮೆಮೊರಿಯ ಮೂಲಕ ಓದಲು ಬಸ್ಸಿಗೆ 1 ಎಂಬಿ ವಿಳಾಸ ಬೇಕು, ಪೂರ್ತಿ 256ಕ್ಕೆ 256 ಎಂಬಿ. ಫರ್ಮ್‌ವೇರ್ 64 ಎಂಬಿ ಮಾತ್ರ ಬಿಟ್ಟಿದ್ದರೆ ನಿಮಗಿರುವುದು 64 ಬಸ್. ದೊಡ್ಡ ಸರ್ವರುಗಳಲ್ಲಿ ಹಲವು ಮೂಲ ಸೇತುವೆಗಳ ನಡುವೆ ಇದೇ 256ನ್ನು ಪಾಲು ಮಾಡಿರುತ್ತಾರೆ, ಒಂದರ ಪಾಲನ್ನು ಇನ್ನೊಂದು ಮುಟ್ಟಲಾಗದು. ಬೂಟ್ ದಾಖಲೆಯಲ್ಲಿ ‘ರೂಟ್ ಬಸ್ ರಿಸೋರ್ಸ್’ ಎಂಬ ಸಾಲುಗಳನ್ನು ನೋಡಿದರೆ ನಿಮ್ಮ ಪೋರ್ಟ್ ಯಾವ ಪಾಲಿನಲ್ಲಿದೆ ಎಂದು ತಿಳಿಯುತ್ತದೆ.

ಬಸ್ ನಂಬರ್ ಸಿಕ್ಕ ಮೇಲೂ ಡಿಸ್ಕುಗಳು ಕಾಣದಿದ್ದರೆ ಗಾಬರಿಯಾಗಬೇಡಿ, ಎರಡನೆಯ ಕೊರತೆ ಮೆಮೊರಿ ವಿಳಾಸದ್ದು. ಪ್ರತಿ ಬ್ರಿಡ್ಜಿಗೂ ವಿಳಾಸಗಳ ಕಿಟಕಿ ಇರಬೇಕು, ಆ ಕಿಟಕಿಯ ಅಳತೆ 1 ಎಂಬಿಗಿಂತ ಚಿಕ್ಕದಾಗುವುದಿಲ್ಲ. ಡಿಸ್ಕಿಗೆ ಬೇಕಾದದ್ದು ಕೆಲವೇ ಕೆಬಿ ಆದರೂ ನಾಲ್ಕು ಡಿಸ್ಕಿಗೆ ನಾಲ್ಕು ಬ್ರಿಡ್ಜ್, ನಾಲ್ಕು ಕಿಟಕಿ, 4 ಎಂಬಿ. ಖಾಲಿ ಹಾಟ್‌ಪ್ಲಗ್ ಪೋರ್ಟಿಗೆ ಕರ್ನಲ್ ತಾನಾಗಿ ಕಾದಿರಿಸುವುದು 2 ಎಂಬಿ. ಆಗ ದಾಖಲೆಯಲ್ಲಿ ‘ನೋ ಸ್ಪೇಸ್’ ಎಂಬ ಸಾಲುಗಳು ಬರುತ್ತವೆ. ಹೊಸ ಕರ್ನಲ್ಲುಗಳಲ್ಲಿ ಇದಕ್ಕೆ ‘ಎಚ್‌ಪಿಎಂಎಂಐಒಸೈಜ್’ ಆಯ್ಕೆ ಇದೆ, 16 ಎಂಬಿ ಎಂದು ಕೊಡಿ.

ಕರ್ನಲ್ ಬರೆಯುವವರು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಲ್ಯಾಪ್‌ಟಾಪಿನ ಬದಿಯಲ್ಲಿ ತೂರಿಸುತ್ತಿದ್ದ ಕಾರ್ಡ್‌ಬಸ್ ಕಾರ್ಡುಗಳ ಕಾಲದಲ್ಲೇ ಒಂದೊಂದು ಕಾರ್ಡ್‌ಬಸ್ ಬ್ರಿಡ್ಜಿಗೆ ಮೂರು ಸಂಖ್ಯೆ ಹೆಚ್ಚಾಗಿ ಬಿಡುವ ರೂಢಿ ಲಿನಕ್ಸ್‌ನಲ್ಲಿತ್ತು. ಒಂದರ ಹಿಂದೊಂದು ಆರು ಸಾಧನಗಳವರೆಗೆ ಜೋಡಿಸಬಹುದಾದ ಥಂಡರ್‌ಬೋಲ್ಟ್ ಬಂದ ಮೇಲೆ ಅಷ್ಟು ಸಾಲದಾಯಿತು. 2018ರ ಜನವರಿಯಲ್ಲಿ ಬಂದ 4.15ನೇ ಕರ್ನಲ್‌ನಿಂದ ಒಂದು ಉತ್ತಮ ಕ್ರಮ ಸೇರಿದೆ. ಹಾಟ್‌ಪ್ಲಗ್ ಪೋರ್ಟಿಗೆ ಆಗಲೇ ದೊಡ್ಡ ವ್ಯಾಪ್ತಿ ಸಿಕ್ಕಿದ್ದು, ಅದರ ಕೆಳಗೆ ಬಂದ ಸ್ವಿಚ್ಚಿನಲ್ಲಿ ಮತ್ತೆ ಹಾಟ್‌ಪ್ಲಗ್ ಪೋರ್ಟುಗಳಿದ್ದರೆ, ಸಾಮಾನ್ಯ ಬ್ರಿಡ್ಜುಗಳಿಗೆ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಹಾಟ್‌ಪ್ಲಗ್ ಪೋರ್ಟುಗಳಿಗೆ ಸಮನಾಗಿ ಹಂಚುತ್ತದೆ. ಮನೆಯ ಖರ್ಚು ತೆಗೆದಿಟ್ಟು ಉಳಿದ ಫಸಲನ್ನು ಮಕ್ಕಳಿಗೆ ಪಾಲು ಹಾಕಿದಂತೆ. ಹಂಚಲು ಏನಾದರೂ ಇದ್ದರೆ ತಾನೇ ಈ ಕ್ರಮಕ್ಕೆ ಕೆಲಸ? ನಿಮ್ಮಲ್ಲಿ ಪೋರ್ಟಿಗೆ ಸಿಕ್ಕಿರುವುದೇ ಒಂದು. ಹೀಗಾಗಿ ಹೊಸ ಕರ್ನಲ್ ಹಾಕಿದರೂ ನಿಮ್ಮ ತೊಂದರೆ ತಾನಾಗಿ ಹೋಗುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನ ನಿಯಮಗಳಲ್ಲಿ ಬಸ್ ನಂಬರುಗಳನ್ನು ಇಷ್ಟು ದುಂದು ಮಾಡದ ಫ್ಲಾಟನಿಂಗ್ ಪೋರ್ಟಲ್ ಬ್ರಿಡ್ಜ್ ಎಂಬ ವಿಧಾನವೂ ಸೇರಿದೆ, ಆದರೆ ಅದಕ್ಕೆ ಬ್ರಿಡ್ಜ್ ಚಿಪ್ಪುಗಳ ಬೆಂಬಲ ಇರಬೇಕು. ಇಂದು ನಿಮ್ಮ ಮೇಜಿನ ಮೇಲಿರುವ ಪೆಟ್ಟಿಗೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಕೊನೆಯದಾಗಿ ಮುಂದಿನ ವರ್ಷದ ಎರಡನೆಯ ಪೆಟ್ಟಿಗೆ. ಅದನ್ನು ಮೊದಲ ಪೆಟ್ಟಿಗೆಯ ಹಿಂದೆ ಸೇರಿಸುವುದಾದರೆ ಮೊದಲನೆಯದರ ಸ್ವಿಚ್ಚಿನಲ್ಲಿ ಅದಕ್ಕೆಂದು ಐದನೆಯ ಕೆಳಮುಖ ಇರಬೇಕು, ಕೊಳ್ಳುವ ಮೊದಲು ಕೇಳಿ ನೋಡಿ. ಹಾಗಿದ್ದರೆ ಲೆಕ್ಕ ಹೀಗೆ: ಮೊದಲ ಪೆಟ್ಟಿಗೆಗೆ ಆಗಲೇ ಎಣಿಸಿದ 6, ಎರಡನೆಯದಕ್ಕೆ ಹೋಗುವ ಲಿಂಕಿಗೆ 1, ಎರಡನೆಯದರ ಸ್ವಿಚ್ಚಿನ ಒಳಗೆ 1, ಅದರ ಡಿಸ್ಕುಗಳಿಗೆ 4. ಒಟ್ಟು 12. ಫರ್ಮ್‌ವೇರ್ ಮೆನುವಿನಲ್ಲಿ ಹೆಚ್ಚುವರಿ 11 ಕೇಳಲು ಬಂದರೆ ಅಷ್ಟೇ ಸಾಕು. ಕೆಲವು ಮೆನುಗಳು 5 ಅಥವಾ 7ರಲ್ಲೇ ನಿಲ್ಲುತ್ತವೆ, ಆಗ ಕರ್ನಲ್ ಆಯ್ಕೆಯಲ್ಲಿ 16 ಎಂದು ಬರೆಯಿರಿ. ಬದಲಾವಣೆ ಮಾಡಿ ಬೂಟ್ ಆದ ಮೇಲೆ, ಪೆಟ್ಟಿಗೆ ಜೋಡಿಸುವ ಮೊದಲೇ, ಪೋರ್ಟಿನ ಸಬಾರ್ಡಿನೇಟ್ ಸಂಖ್ಯೆ ಸೆಕೆಂಡರಿಗಿಂತ ಕನಿಷ್ಠ 11 ಹೆಚ್ಚಿದೆಯೇ ನೋಡಿ. ಹೆಚ್ಚಿದ್ದರೆ ಕೇಬಲ್ ಜೋಡಿಸಿ, ರೆಂಡರ್ ನಡೆಯುತ್ತಲೇ ಇರಲಿ. ಫರ್ಮ್‌ವೇರ್ ಹೊಸದು ಹಾಕಿದ ದಿನ ಮೆನುವಿನ ಈ ಆಯ್ಕೆ ಹಳೆಯ ಸ್ಥಿತಿಗೆ ಮರಳಿರುವುದುಂಟು, ಆವತ್ತು ಇದೇ ಸಾಲನ್ನು ಇನ್ನೊಮ್ಮೆ ನೋಡಿಕೊಳ್ಳಿ.